ಆಕಾಶದ ಮೇಲೊಂದು ಇಂಟು ಮಾರ್ಕು: ವೇರಿಯಬಲ್ ಎನ್‌ಡಿ ಫಿಲ್ಟರ್ ಒಳಗೇನಿದೆ?

ಬಲಮುರಿಯಲ್ಲಿ ಒಂದು ಪ್ರೀ-ವೆಡ್ಡಿಂಗ್ ಶೂಟ್ ಇತ್ತು. ಹುಡುಗ ಪಾಂಡವಪುರದ ಕಡೆಯವನು, ಹುಡುಗಿ ಮೈಸೂರಿನವಳು. ಬೆಳಿಗ್ಗೆ ಏಳಕ್ಕೆಲ್ಲ ಬಂದುಬಿಡಿ, ಎಳೆ ಬಿಸಿಲಲ್ಲೇ ಮುಗಿಸೋಣ ಅಂತ ಹಿಂದಿನ ದಿನವೇ ಹೇಳಿದ್ದೆ. ಮೇಕಪ್ಪು, ತಿಂಡಿ, ಸೀರೆ ನೆರಿಗೆ ಎಲ್ಲ ಮುಗಿದು ಅವರು ಕಾರಿನಿಂದ ಇಳಿದಾಗ ಗಂಟೆ ಹನ್ನೊಂದೂವರೆ. ಕಟ್ಟೆ ಮೇಲಿಂದ ಬೀಳುವ ನೀರು ಬೆಳ್ಳಗೆ ಕಣ್ಣು ಕುಕ್ಕುತ್ತಿತ್ತು. ನನ್ನ ಬ್ಯಾಗಿನಲ್ಲಿ ಆಗಷ್ಟೇ ಕೊಂಡ ವೇರಿಯಬಲ್ ಎನ್‌ಡಿ ಫಿಲ್ಟರ್ ಇತ್ತು, ಲೆನ್ಸಿನ ಮುಂದೆ ಹಾಕಿ ರಿಂಗ್ ತಿರುಗಿಸಿದಷ್ಟೂ ಒಳಗೆ ಬರುವ ಬೆಳಕು ಕಡಿಮೆ ಮಾಡುವಂಥದ್ದು. ಅಗಲ ನೋಟದ (ವೈಡ್) 16 ಮಿ.ಮೀ. ಲೆನ್ಸಿಗೆ ಅದನ್ನು ಹಾಕಿ, ರಿಂಗನ್ನು ಕೊನೆವರೆಗೂ ತಿರುಗಿಸಿ, ಖುಷಿಯಾಗಿ ಶೂಟ್ ಮಾಡಿದೆ. ರಾತ್ರಿ ಎಡಿಟಿಂಗ್‌ಗೆ ಕೂತಾಗ, ನನ್ನ ಜೊತೆ ಗಿಂಬಲ್ (ಕ್ಯಾಮೆರಾ ಅಲುಗದಂತೆ ನೋಡಿಕೊಳ್ಳುವ ಕೋಲು) ಹಿಡಿಯುವ ಹುಡುಗ ಸ್ಕ್ರೀನ್ ನೋಡಿ ಕೇಳಿದ: "ಅಣ್ಣ, ಇದ್ಯಾಕಣ್ಣ ಆಕಾಶದ ಮೇಲೆ ಇಂಟು ಮಾರ್ಕ್ ಹಾಕ್ದಂಗೈತೆ?"

ಸರಿಯಾಗೇ ಹೇಳಿದ್ದ. ಒಂದು ಮೂಲೆಯಿಂದ ಎದುರು ಮೂಲೆಗೆ ಮಸಿ ಒರೆಸಿದ ಹಾಗೆ ಕಪ್ಪು, ಇನ್ನೆರಡು ಮೂಲೆ ತೆಳ್ಳಗೆ. ತಪ್ಪು ಲೆಕ್ಕದ ಮೇಲೆ ಮೇಷ್ಟ್ರು ಹಾಕುತ್ತಿದ್ದರಲ್ಲ, ಅಂಥದ್ದೇ ಇಂಟು. ದುಡ್ಡು ಕೊಟ್ಟು ಮೋಸ ಹೋದೆ ಅಂದುಕೊಂಡೆ. ಅದು ಅರ್ಧ ನಿಜ. ಇನ್ನರ್ಧ ತಪ್ಪು ನನ್ನದೇ, ಯಾಕೆಂದರೆ ಆ ಫಿಲ್ಟರನ್ನು ನಾನು ಬರೀ ಒಂದು ಕಪ್ಪು ಗಾಜು ಅಂದುಕೊಂಡಿದ್ದೆ. ಅದರಲ್ಲಿ ಕಪ್ಪು ಗಾಜೇ ಇಲ್ಲ. ಇರುವುದು ಎರಡು ಪೋಲರೈಸರ್, ಅಂದರೆ ಒಂದು ದಿಕ್ಕಿಗೆ ಅಲ್ಲಾಡುವ ಬೆಳಕನ್ನು ಮಾತ್ರ ಬಿಡುವ ಗಾಜು. ಈ ಒಂದು ವಿಷಯ ತಲೆಗೆ ಹೋದರೆ ಆ ಇಂಟು ಮಾರ್ಕು ಯಾಕೆ ಬರುತ್ತದೆ, ಬಣ್ಣ ಯಾಕೆ ಕೆಡುತ್ತದೆ, ಕೆಲವು ಸಲ ಕಾಮನಬಿಲ್ಲೇ ಯಾಕೆ ಮಾಯವಾಗುತ್ತದೆ, ಎಲ್ಲ ತಾನಾಗೇ ಅರ್ಥವಾಗುತ್ತದೆ.

ಮೊದಲು, ಇದೆಲ್ಲ ಯಾಕೆ ಬೇಕು ಅನ್ನುವುದು. ಫೋಟೋ ತೆಗೆಯುವವರಿಗೆ ಬಿಸಿಲು ಜಾಸ್ತಿ ಇದ್ದರೆ ತಲೆಬಿಸಿ ಇಲ್ಲ, ಶಟರ್ ಸ್ಪೀಡ್ ಏರಿಸಿ, ಅಂದರೆ ಬೆಳಕು ಒಳಗೆ ಬರುವ ಹೊತ್ತು ಕಡಿಮೆ ಮಾಡಿದರೆ, ಆಯಿತು. ವೀಡಿಯೊದಲ್ಲಿ ಹಾಗೆ ಏರಿಸಲು ಆಗುವುದಿಲ್ಲ. ಸೆಕೆಂಡಿಗೆ 25 ಫ್ರೇಮ್ ಶೂಟ್ ಮಾಡುತ್ತಿದ್ದರೆ ಶಟರ್ 1/50 ಸೆಕೆಂಡ್ ಇರಬೇಕು, 50 ಫ್ರೇಮ್ ಆದರೆ 1/100. ಇದಕ್ಕೆ 180 ಡಿಗ್ರಿ ಶಟರ್ ಅನ್ನುತ್ತಾರೆ. ರೀಲ್ ಹಾಕುವ ಸಿನಿಮಾ ಕ್ಯಾಮೆರಾದಲ್ಲಿ ಶಟರ್ ಅಂದರೆ ತಿರುಗುವ ಒಂದು ತಟ್ಟೆ, ಅದರಲ್ಲಿ ಅರ್ಧ ಭಾಗ ತೆರೆದಿರುತ್ತಿತ್ತು. ಆ ಅರ್ಧವೃತ್ತದಿಂದ ಬಂದ ಹೆಸರು ಇದು. ಆಗ ಓಡುವ ಕಾಲು, ಬೀಸುವ ಸೆರಗು ಒಂದೊಂದು ಫ್ರೇಮಿನಲ್ಲೂ ಸ್ವಲ್ಪ ಮಸುಕಾಗಿ ಮೂಡುತ್ತದೆ, ಫ್ರೇಮಿಂದ ಫ್ರೇಮಿಗೆ ಹರಿದುಕೊಂಡು ಹೋದಂತೆ ಕಾಣುತ್ತದೆ. ಅದೇ ಬಲಮುರಿಯ ನೀರನ್ನು 1/3200ರಲ್ಲಿ ಶೂಟ್ ಮಾಡಿ ನೋಡಿ. ಒಂದೊಂದು ಹನಿಯೂ ಗಾಜಿನ ಚೂರಿನ ಹಾಗೆ ನಿಂತು, ಮುಂದಿನ ಫ್ರೇಮಿನಲ್ಲಿ ಇನ್ನೆಲ್ಲೋ ಎದ್ದು, ಕಣ್ಣಿಗೆ ಕಿರಿಕಿರಿ. ನಮಗೆ 1/50, 1/100ರಿಂದ ಇನ್ನೊಂದು ಅನುಕೂಲವೂ ಇದೆ: ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಛತ್ರದ ಟ್ಯೂಬ್‌ಲೈಟು ಸೆಕೆಂಡಿಗೆ ನೂರು ಸಲ ಮಿನುಗುತ್ತಿದ್ದರೂ ವೀಡಿಯೊದಲ್ಲಿ ಆ ಮಿನುಗು ಕಾಣಿಸುವುದಿಲ್ಲ.

ಈಗ ಲೆಕ್ಕ ನೋಡಿ. ನೆತ್ತಿ ಬಿಸಿಲಿಗೆ ಹಳೆಯ ಫೋಟೋಗ್ರಾಫರುಗಳು ಇಟ್ಟುಕೊಂಡಿದ್ದ ಸೂತ್ರ ಒಂದಿದೆ: ಐಎಸ್‌ಒ 100, ಎಫ್ 16, ಶಟರ್ 1/100. ಐಎಸ್‌ಒ ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದು, ಎಫ್ ಅಂದರೆ ಲೆನ್ಸಿನ ತೂತು, ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು. ಹಿಂದಿನ ಮರಗಿಡ ಮಸುಕಾಗಲಿ ಅಂತ ನೀವು ಎಫ್ 2.8ಕ್ಕೆ ಬಂದರೆ ಐದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ) ಬೆಳಕು ಹೆಚ್ಚು ಒಳಗೆ ಬರುತ್ತದೆ. ಅದಕ್ಕೆ ಸರಿದೂಗಿಸಲು ಶಟರ್ 1/3200ಕ್ಕೆ ಹೋಗಬೇಕು. ಆದರೆ ನಮಗೆ ಬೇಕಿರುವುದು 1/50. ಅಂದರೆ 64 ಪಟ್ಟು ಬೆಳಕು ಜಾಸ್ತಿ, ಆರು ಸ್ಟಾಪ್. ಇಷ್ಟನ್ನು ಲೆನ್ಸಿನ ಬಾಗಿಲಲ್ಲೇ ತಡೆಯಬೇಕು. ಆಮೇಲೆ ಬಣ್ಣ ತಿದ್ದಲು (ಕಲರ್ ಗ್ರೇಡಿಂಗ್) ಅನುಕೂಲವಾಗಲಿ ಅಂತ ಲಾಗ್ ಅನ್ನುವ ಸಪ್ಪೆ ಬಣ್ಣದ ಪ್ರೊಫೈಲ್ ಹಾಕಿದರಂತೂ ಕೆಲವು ಕ್ಯಾಮೆರಾಗಳಲ್ಲಿ ಐಎಸ್‌ಒ 800ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ, ಅಲ್ಲಿಗೆ ಇನ್ನೂ ಮೂರು ಸೇರಿ ಒಂಬತ್ತು ಸ್ಟಾಪ್. ಫಿಲ್ಟರ್ ಬೇಡ, ಐಎಸ್‌ಒ 100ರಲ್ಲೇ ಎಫ್ 22ಕ್ಕೆ ಮುಚ್ಚುತ್ತೇನೆ ಅಂದರೆ ಲೆಕ್ಕ ಸರಿಹೋಗುತ್ತದೆ, ನಿಜ. ಆದರೆ ಮದುಮಗಳ ಹಿಂದೆ ನಿಂತಿರುವ ಕಡಲೆಕಾಯಿ ಗಾಡಿಯೂ ಅಷ್ಟೇ ಸ್ಪಷ್ಟವಾಗಿ ಬರುತ್ತದೆ, ಜೊತೆಗೆ ಸಣ್ಣ ತೂತಿನಲ್ಲಿ ಬೆಳಕು ಹರಡಿ ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ.

ಹೆಸರಿನ ಗೊಂದಲವನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎನ್‌ಡಿ ಅಂದರೆ ನ್ಯೂಟ್ರಲ್ ಡೆನ್ಸಿಟಿ, ಬಣ್ಣ ಬದಲಿಸದೆ ಬೆಳಕನ್ನಷ್ಟೇ ಕಡಿಮೆ ಮಾಡುವುದು. ಎನ್‌ಡಿ 8 ಅಂದರೆ ಎಂಟರಲ್ಲಿ ಒಂದು ಪಾಲು ಬೆಳಕು ಬಿಡುತ್ತದೆ, ಮೂರು ಸ್ಟಾಪ್. ಅದನ್ನೇ ಕೆಲವರು 0.9 ಅಂತ ಬರೆಯುತ್ತಾರೆ. ಒಂದು ಸ್ಟಾಪಿಗೆ 0.3 ಅಂತ ನೆನಪಿಟ್ಟುಕೊಳ್ಳಿ, ಸಾಕು. ಎನ್‌ಡಿ 64 ಅಂದರೆ ಆರು ಸ್ಟಾಪ್, ಎನ್‌ಡಿ 1000 ಅಂದರೆ ಹೆಚ್ಚುಕಮ್ಮಿ ಹತ್ತು.

ಹೀಗೆ ಒಂದೇ ಅಳತೆಯ ಸ್ಥಿರ ಎನ್‌ಡಿಗಳು ನಿಜವಾಗಿಯೂ ಕಪ್ಪು ಗಾಜುಗಳೇ. ತೊಂದರೆ ಏನೆಂದರೆ ಬಿಸಿಲು ನಮ್ಮ ಫಿಲ್ಟರ್ ನೋಡಿಕೊಂಡು ಬರುವುದಿಲ್ಲ. ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಶೂಟ್ ಮಾಡುತ್ತಿದ್ದೆ. ಹೊರಗೆ ಸುಡುವ ಬಿಸಿಲಲ್ಲಿ ಗಾಣಕ್ಕೆ ಕಬ್ಬು ಕೊಡುತ್ತಿದ್ದಾರೆ, ಹಾಲು ಹರಿದು ಬರುತ್ತಿದೆ, ಅಲ್ಲಿಂದ ಕ್ಯಾಮೆರಾ ನಿಲ್ಲಿಸದೆ ನಾಲ್ಕು ಹೆಜ್ಜೆ ಒಳಗೆ ಹೋದರೆ ತಗಡಿನ ಮಾಡಿನ ಕೆಳಗೆ ಕತ್ತಲು, ಕೊಪ್ಪರಿಗೆಯಿಂದ ಏಳುವ ಹಬೆ, ಒಲೆಯಲ್ಲಿ ಉರಿಯುವ ಕಬ್ಬಿನ ಸಿಪ್ಪೆಯ ಕೆಂಪು. ಈ ಒಂದು ಶಾಟಿನಲ್ಲಿ ಸ್ಥಿರ ಎನ್‌ಡಿ ಇದ್ದರೆ ಒಳಗೆ ಹೋಗುತ್ತಲೇ ಎಲ್ಲ ಕಪ್ಪು. ನಡುವೆ ನಿಂತು ಫಿಲ್ಟರ್ ಬಿಚ್ಚಿ ಇನ್ನೊಂದು ಹಾಕುವಷ್ಟರಲ್ಲಿ ಪಾಕ ಗಟ್ಟಿಯಾಗಿ ಅಚ್ಚಿಗೆ ಬಿದ್ದಿರುತ್ತದೆ. ವೇರಿಯಬಲ್ ಆದರೆ ನಡೆಯುತ್ತಲೇ ಎಡಗೈ ಬೆರಳಲ್ಲಿ ರಿಂಗ್ ತಿರುಗಿಸುತ್ತಾ ಹೋಗಬಹುದು, ಉಳಿದದ್ದನ್ನು ಆಟೊ ಐಎಸ್‌ಒ ನೋಡಿಕೊಳ್ಳುತ್ತದೆ. ಅದಕ್ಕೇ ಇದು ಹುಟ್ಟಿದ್ದು. ದಸರಾ ಜಂಬೂಸವಾರಿಯಲ್ಲೂ ಅಷ್ಟೇ, ಮಧ್ಯಾಹ್ನದ ಬಿಸಿಲಿಗೆ ಒಂದು ಮೋಡ ಅಡ್ಡ ಬಂದು ಹೋಗುವಷ್ಟರಲ್ಲಿ ಆನೆ ನಿಮ್ಮನ್ನು ದಾಟಿಹೋಗಿರುತ್ತದೆ.

ಸರಿ, ಒಳಗೆ ಏನು ನಡೆಯುತ್ತದೆ? ಬೆಳಕು ಅಲೆ ಅಲ್ವಾ. ಸೂರ್ಯನಿಂದ ಬರುವ ಬೆಳಕು ಎಲ್ಲ ದಿಕ್ಕಿಗೂ ಅಲ್ಲಾಡುತ್ತಾ ಬರುತ್ತದೆ. ಕಬ್ಬಿನ ಎರಡು ಸಾಲಿನ ನಡುವೆ ಒಂದು ಹಗ್ಗ ಎಳೆದು ಅಲ್ಲಾಡಿಸಿದರೆ ಮೇಲೆ ಕೆಳಗೆ ಆಡುವ ಅಲೆ ಮಾತ್ರ ಮುಂದೆ ಹೋಗುತ್ತದೆ, ಪಕ್ಕಕ್ಕೆ ಆಡುವುದು ಕಬ್ಬಿಗೆ ಬಡಿದು ನಿಲ್ಲುತ್ತದೆ. ಪೋಲರೈಸರ್ ಮಾಡುವುದು ಹೆಚ್ಚುಕಮ್ಮಿ ಇದನ್ನೇ: ಒಂದು ದಿಕ್ಕಿನ ಅಲೆಯನ್ನು ಮಾತ್ರ ಬಿಡುತ್ತದೆ. ಮೊದಲ ಪೋಲರೈಸರಿನಲ್ಲೇ ಅರ್ಧ ಬೆಳಕು ಹೋಯಿತು, ಒಂದು ಸ್ಟಾಪ್. ಅದರ ಹಿಂದೆ ಇನ್ನೊಂದನ್ನು ಅದೇ ದಿಕ್ಕಿಗೆ ಇಟ್ಟರೆ ಉಳಿದದ್ದೆಲ್ಲ ದಾಟುತ್ತದೆ. ಅಡ್ಡಡ್ಡ, 90 ಡಿಗ್ರಿಗೆ ಇಟ್ಟರೆ ಏನೂ ದಾಟುವುದಿಲ್ಲ. ನಡುವೆ ಎಲ್ಲಿ ನಿಲ್ಲಿಸುತ್ತೀರೋ ಅಷ್ಟು ಕತ್ತಲು. ಮನೆಯಲ್ಲಿ ಎರಡು ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಈಗಲೇ ನೋಡಬಹುದು, ಒಂದರ ಹಿಂದೆ ಒಂದು ಹಿಡಿದು ಒಂದನ್ನು ನಿಧಾನಕ್ಕೆ ತಿರುಗಿಸಿ.

ಎಷ್ಟು ತಿರುಗಿಸಿದರೆ ಎಷ್ಟು ಕತ್ತಲು ಅನ್ನುವುದಕ್ಕೆ ನಿಯಮ ಕೊಟ್ಟವನು ಫ್ರಾನ್ಸಿನ ಎತಿಯನ್ ಲೂಯಿ ಮಾಲ್ಯೂಸ್, 1809ರಲ್ಲಿ. ದಾಟುವ ಬೆಳಕು ಕೋನದ ಕೊಸೈನ್ ವರ್ಗದಷ್ಟು. ಪಿಯುಸಿಯಲ್ಲಿ ಓದಿ ಮರೆತಿರುತ್ತೀರಿ, ಪರವಾಗಿಲ್ಲ. ಲೆಕ್ಕ ಮಾಡಿದರೆ ಹೀಗೆ ಬರುತ್ತದೆ: ಒಂದು ಸ್ಟಾಪ್ ಇಳಿಸಲು 45 ಡಿಗ್ರಿ ತಿರುಗಿಸಬೇಕು. ಅದರ ಮೇಲಿನ ಇನ್ನೊಂದು ಸ್ಟಾಪಿಗೆ 15 ಡಿಗ್ರಿ ಸಾಕು. ಆಮೇಲೆ 9, ಆಮೇಲೆ 6, ಆಮೇಲೆ 4, 3, ಕೊನೆಗೆ ಬರೀ 2 ಡಿಗ್ರಿ. ರಿಂಗಿನ ಮೇಲಿನ ಗೆರೆಗಳಿಗೆ ಅಳತೆಯ ನಂಬಿಕೆ ಇಡಬೇಡಿ ಅನ್ನುವುದು ಇದಕ್ಕೇ. ಶುರುವಿನಲ್ಲಿ ಎಷ್ಟು ತಿರುಗಿಸಿದರೂ ಏನೂ ಆಗುತ್ತಿಲ್ಲವಲ್ಲ ಅನ್ನಿಸುತ್ತದೆ, ಕೊನೆಯಲ್ಲಿ ಬೆರಳು ಸೋಕಿದರೆ ಸಾಕು ದಢಕ್ಕಂತ ಕತ್ತಲಾಗುತ್ತದೆ.

ನನ್ನ ಇಂಟು ಮಾರ್ಕು ಇದ್ದದ್ದು ಆ ಕೊನೆಯ ಎರಡು ಡಿಗ್ರಿಯಲ್ಲಿ. ಫ್ರೇಮಿನ ನಡುವಿಗೆ ಬೆಳಕು ಫಿಲ್ಟರಿನ ಮೂಲಕ ನೇರ ಬರುತ್ತದೆ. ಮೂಲೆಗಳಿಗೆ ಬರುವುದು ಓರೆಯಾಗಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 50 ಮಿ.ಮೀ. ಲೆನ್ಸ್ ಹಾಕಿದರೆ ಮೂಲೆಯ ಬೆಳಕು ಸುಮಾರು 23 ಡಿಗ್ರಿ ಓರೆ, 16 ಮಿ.ಮೀ. ಹಾಕಿದರೆ 53 ಡಿಗ್ರಿ. ಹಾಗೆ ಓರೆಯಾಗಿ ಬರುವ ಬೆಳಕಿಗೆ ಎರಡು ಪೋಲರೈಸರುಗಳ ನಡುವಿನ ಕೋನ ನಾವು ಇಟ್ಟಷ್ಟೇ ಇರುವುದಿಲ್ಲ. ಒಂದು ಕರ್ಣದ ಎರಡು ಮೂಲೆಗೆ ಅದು ಸ್ವಲ್ಪ ಹೆಚ್ಚಾಗಿ, ಇನ್ನೊಂದು ಕರ್ಣದ ಮೂಲೆಗಳಿಗೆ ಸ್ವಲ್ಪ ಕಡಿಮೆಯಾಗಿ ಕಾಣುತ್ತದೆ. ಶುರುವಿನ 45 ಡಿಗ್ರಿಯ ಒಳಗೆ ಇದ್ದಾಗ ನಾಲ್ಕೈದು ಡಿಗ್ರಿ ಆಚೀಚೆ ಆದರೆ ಕಣ್ಣಿಗೆ ಗೊತ್ತಾಗದು. ಆದರೆ 85ರ ಹತ್ತಿರ ಎರಡೇ ಡಿಗ್ರಿ ಅಂದರೆ ಒಂದು ಸ್ಟಾಪ್, ಅಂದರೆ ಬೆಳಕು ಅರ್ಧಕ್ಕರ್ಧ. ಒಂದು ಜೋಡಿ ಮೂಲೆ ಕಪ್ಪು, ಇನ್ನೊಂದು ಜೋಡಿ ಬೆಳ್ಳಗೆ. ಇಂಟು ರೆಡಿ.

ಎಷ್ಟು ದುಬಾರಿ ಫಿಲ್ಟರ್ ಕೊಂಡರೂ ಈ ಜ್ಯಾಮಿತಿ ಬದಲಾಗುವುದಿಲ್ಲ. ಒಳ್ಳೆ ಕಂಪನಿಯವರು ಮಾಡುವುದು ಏನೆಂದರೆ, ರಿಂಗು ಆ ಜಾಗಕ್ಕೆ ಹೋಗದ ಹಾಗೆ ಮೊದಲೇ ಒಂದು ತಡೆ ಕೂರಿಸುತ್ತಾರೆ. 2ರಿಂದ 5 ಸ್ಟಾಪ್ ಅಂತ ಬರೆದಿರುವ ಫಿಲ್ಟರ್ ನೋಡಿ ಇದೇನು ಇಷ್ಟು ಕಮ್ಮಿ ಅಂತ ನಾನೂ ಮೂಗು ಮುರಿದಿದ್ದೆ. ಎನ್‌ಡಿ 2ರಿಂದ 400, ಎಂಟೂವರೆ ಸ್ಟಾಪ್ ಅಂತ ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಅರ್ಧ ಬೆಲೆಗೆ ಕೊಂಡೆ. ಈಗ ಹೇಳುತ್ತೇನೆ, ಆ ಕಮ್ಮಿ ಬರೆದವನೇ ನಿಜ ಹೇಳುತ್ತಿದ್ದ. ನಿಮ್ಮ ಹತ್ತಿರ ಈಗಾಗಲೇ ಅಂಥ ತಡೆ ಇಲ್ಲದ ಫಿಲ್ಟರ್ ಇದ್ದರೆ ಎಸೆಯಬೇಕಾಗಿಲ್ಲ. ಬಿಳಿ ಗೋಡೆ ಮುಂದೆ ನಿಂತು, ನಿಮ್ಮ ಅತಿ ವೈಡ್ ಲೆನ್ಸ್ ಹಾಕಿ, ರಿಂಗ್ ನಿಧಾನಕ್ಕೆ ತಿರುಗಿಸಿ. ಮೂಲೆ ಎಲ್ಲಿ ಕಪ್ಪಾಗಲು ಶುರುವಾಗುತ್ತದೋ ಅದಕ್ಕಿಂತ ಸ್ವಲ್ಪ ಹಿಂದೆ ರಿಂಗಿನ ಮೇಲೆ ಬಿಳಿ ಪೇಂಟಲ್ಲೋ ನೇಲ್ ಪಾಲಿಶಲ್ಲೋ ಒಂದು ಚುಕ್ಕೆ ಇಡಿ. ನನ್ನ ಫಿಲ್ಟರಿನ ಮೇಲಿನ ಚುಕ್ಕೆ ನನ್ನ ತಂಗಿಯ ಗುಲಾಬಿ ನೇಲ್ ಪಾಲಿಶಿನದು. ಅದನ್ನು ದಾಟುವುದಿಲ್ಲ. ಐದು ಸ್ಟಾಪ್ ಸಾಲದೆ ಬಂದರೆ ಎಫ್ 2.8 ಬಿಟ್ಟು ಎಫ್ 4ಕ್ಕೆ ಹೋಗುತ್ತೇನೆ, ನೆತ್ತಿ ಬಿಸಿಲಲ್ಲೂ ಲೆಕ್ಕ ಸರಿಹೋಗುತ್ತದೆ. ಲಾಗ್ ಹಾಕಿದ ದಿನ ಮಾತ್ರ ಕೆಳಗೆ ಒಂದು ಸ್ಥಿರ ಎನ್‌ಡಿ 8 ಹಾಕಿ ಅದರ ಮೇಲೆ ಇದನ್ನು ಹಾಕುತ್ತೇನೆ, ಆಗ ವೈಡ್ ಲೆನ್ಸ್ ಬಳಸುವುದಿಲ್ಲ, ಎರಡು ರಿಂಗು ಸೇರಿ ಮೂಲೆಗೆ ಅಡ್ಡ ಬರುತ್ತವೆ.

ಬಣ್ಣದ ವಿಷಯ. ಪೋಲರೈಸರ್ ಹಾಳೆ ಎಲ್ಲ ಬಣ್ಣವನ್ನೂ ಒಂದೇ ಸಮ ತಡೆಯುವುದಿಲ್ಲ. ಬೆಳಕು ಧಾರಾಳವಾಗಿ ದಾಟುವಾಗ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಕತ್ತಲ ತುದಿಗೆ ಬಂದಾಗ ದಾಟುವ ಬೆಳಕೇ ಇಷ್ಟಿಷ್ಟು, ಅದರಲ್ಲಿ ಯಾವ ಬಣ್ಣ ಸೋರುತ್ತದೋ ಅದೇ ಎದ್ದು ಕಾಣುತ್ತದೆ. ಹಾಗಾಗಿ ಒಂದೇ ಫಿಲ್ಟರ್ ಎರಡು ಸ್ಟಾಪಿನಲ್ಲಿ ಒಂದು ಬಣ್ಣ, ಐದರಲ್ಲಿ ಇನ್ನೊಂದು ಬಣ್ಣ ತೋರಿಸಬಹುದು. ಮದುವೆಯಲ್ಲಿ ಎರಡು ಕ್ಯಾಮೆರಾ ಇಟ್ಟವರಿಗೆ ಇದು ದೊಡ್ಡ ತಲೆನೋವು, ಒಂದರಲ್ಲಿ ಮದುಮಗ ಗೋಧಿ ಬಣ್ಣ, ಇನ್ನೊಂದರಲ್ಲಿ ಅರಿಶಿನ ಹಚ್ಚಿದ ಹಾಗೆ. ವೈಟ್ ಬ್ಯಾಲೆನ್ಸನ್ನು ಆಟೊಗೆ ಬಿಡದೆ, ಫಿಲ್ಟರ್ ತಿರುಗಿಸಿ ಮುಗಿದ ಮೇಲೆ, ಅದರ ಮೂಲಕವೇ ಒಂದು ಬಿಳಿ ಕಾಗದ ನೋಡಿ ಸೆಟ್ ಮಾಡಿಕೊಳ್ಳಿ. ಬಿಳಿ ಪಂಚೆ ಉಟ್ಟವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಅದೂ ಆಗುತ್ತದೆ. ಆದರೆ ಕೆಲವು ಪಂಚೆಗೆ ನೀಲಿ ಜಾಸ್ತಿ ಹಾಕಿರುತ್ತಾರೆ, ನೋಡಿಕೊಳ್ಳಿ.

ಇನ್ನು ನನಗೆ ಇಷ್ಟವಾದ ಭಾಗ. ಮುಂದಿನ ಗಾಜು ಪೋಲರೈಸರ್ ಆದ್ದರಿಂದ ಅದು ಬೆಳಕನ್ನು ಕಡಿಮೆ ಮಾಡಿ ಸುಮ್ನೆ ಕೂರುವುದಿಲ್ಲ, ಹೊರಗಿನ ದೃಶ್ಯವನ್ನೂ ಬದಲಾಯಿಸುತ್ತದೆ. ನೀರು, ಎಲೆ, ಗಾಜು, ಒದ್ದೆ ರಸ್ತೆ ಇವುಗಳ ಮೇಲಿಂದ ಓರೆಯಾಗಿ ಚಿಮ್ಮುವ ಹೊಳಪು ಹೆಚ್ಚಾಗಿ ಒಂದೇ ದಿಕ್ಕಿನ ಅಲೆ. ಮುಂದಿನ ಗಾಜು ಅದಕ್ಕೆ ಅಡ್ಡ ನಿಂತರೆ ಹೊಳಪು ಹೋಗುತ್ತದೆ. ಬಲಮುರಿಯಲ್ಲಿ ಕಾಲ ಕೆಳಗಿನ ಕಲ್ಲು ಕಾಣುತ್ತದೆ, ಗದ್ದೆಯ ಹಸಿರು ಇನ್ನಷ್ಟು ಹಸಿರಾಗುತ್ತದೆ. ಸೂರ್ಯನಿಗೆ 90 ಡಿಗ್ರಿ ದಿಕ್ಕಿನಲ್ಲಿರುವ ಆಕಾಶ ಗಾಢ ನೀಲಿಯಾಗುತ್ತದೆ, ವೈಡ್ ಲೆನ್ಸ್ ಇದ್ದರೆ ಒಂದು ಕಡೆ ಮಾತ್ರ ಗಾಢ, ಇನ್ನೊಂದು ಕಡೆ ಪೇಲವ. ಇದನ್ನು ಇಂಟು ಮಾರ್ಕಿನ ಜೊತೆ ಕಲಸಿಕೊಳ್ಳಬೇಡಿ, ಇದು ಆಕಾಶದ್ದೇ ಗುಣ. ಮುಖದ ಮೇಲಿನ ಹೊಳಪೂ ತಗ್ಗುತ್ತದೆ. ಬೆವರಿದ ಮುಖಕ್ಕೆ ಒಳ್ಳೆಯದೇ, ಆದರೆ ಜಾಸ್ತಿಯಾದರೆ ಚರ್ಮದಲ್ಲಿ ಜೀವವೇ ಇಲ್ಲದಂತೆ ಕಾಣುತ್ತದೆ, ಮೈಸೂರು ಸಿಲ್ಕಿನ ಮಿರುಗೂ ಸ್ವಲ್ಪ ಸಪ್ಪೆ. ಲೋಹದ ಹೊಳಪಿಗೆ ಮಾತ್ರ ಇದರ ಆಟ ಅಷ್ಟು ನಡೆಯುವುದಿಲ್ಲ. ಚಿನ್ನದ ಅಂಬಾರಿ ಫಿಲ್ಟರ್ ಹಾಕಿದರೂ ಹೊಳೆಯುತ್ತದೆ, ಅದರ ಪಕ್ಕದ ಮರದ ಎಲೆಗಳು ಹೊಳಪು ಕಳೆದುಕೊಳ್ಳುತ್ತವೆ.

ಮಳೆಗಾಲದಲ್ಲಿ ಒಮ್ಮೆ ಗಗನಚುಕ್ಕಿಗೆ ಹೋಗಿದ್ದಾಗ ತುಂತುರಿನಲ್ಲಿ ಕಾಮನಬಿಲ್ಲು ಬಂದಿತ್ತು. ಕ್ಯಾಮೆರಾ ಎತ್ತಿದರೆ ಸ್ಕ್ರೀನಿನಲ್ಲಿ ಇಲ್ಲ. ಕಣ್ಣಲ್ಲಿ ನೋಡಿದರೆ ಇದೆ, ಸ್ಕ್ರೀನಿನಲ್ಲಿ ಇಲ್ಲ. ಎರಡು ಮೂರು ಸಲ ಹೀಗೆ ಮಾಡುವುದನ್ನು ನೋಡಿ ಪಕ್ಕದಲ್ಲಿದ್ದ ಅಜ್ಜಿ "ಏನಾಯ್ತಪ್ಪ, ಕೆಟ್ಟೋಯ್ತಾ?" ಅಂದರು. ಕಾಮನಬಿಲ್ಲಿನ ಬೆಳಕು ಹನಿಯೊಳಗೆ ಪ್ರತಿಫಲಿಸಿ ಬರುವುದರಿಂದ ಬಹುಪಾಲು ಪೋಲರೈಸ್ ಆಗಿಯೇ ಇರುತ್ತದೆ, ನನ್ನ ಮುಂದಿನ ಗಾಜು ಸರಿಯಾಗಿ ಅದಕ್ಕೆ ಅಡ್ಡ ನಿಂತಿತ್ತು. ಇಡೀ ಫಿಲ್ಟರನ್ನು ಥ್ರೆಡ್ಡಿನಲ್ಲಿ ಕಾಲು ಸುತ್ತು ಸಡಿಲಿಸಿದೆ. ಕತ್ತಲು ಅಷ್ಟೇ ಇತ್ತು, ಕಾಮನಬಿಲ್ಲು ವಾಪಸ್ ಬಂತು.

ಈ ಉಪಾಯವನ್ನು ತುಂಬ ಜನ ಬಳಸುವುದಿಲ್ಲ. ಎಷ್ಟು ಕತ್ತಲು ಅನ್ನುವುದನ್ನು ತೀರ್ಮಾನಿಸುವುದು ಎರಡು ಗಾಜುಗಳ ನಡುವಿನ ಕೋನ. ಯಾವ ಹೊಳಪು ಹೋಗಬೇಕು ಅನ್ನುವುದನ್ನು ತೀರ್ಮಾನಿಸುವುದು ಮುಂದಿನ ಗಾಜು ಯಾವ ಕಡೆ ನೋಡುತ್ತಿದೆ ಅನ್ನುವುದು. ಇವೆರಡು ಬೇರೆ ಬೇರೆ. ಸಮಸ್ಯೆ ಏನೆಂದರೆ ರಿಂಗ್ ತಿರುಗಿಸಿದಾಗ ಎರಡೂ ಒಟ್ಟಿಗೆ ಬದಲಾಗುತ್ತವೆ, ಅದಕ್ಕೇ ಶಾಟಿನ ನಡುವೆ ಎಕ್ಸ್‌ಪೋಶರ್ ಸರಿ ಮಾಡಲು ಹೋದರೆ ನೀರಿನ ಹೊಳಪು ಹೋಗಿ ಬಂದು ಮಾಡುತ್ತದೆ. ತಡೆ ಇಲ್ಲದ ಫಿಲ್ಟರಿನಲ್ಲಿ ಇನ್ನೂ ಒಂದು ದಾರಿ ಇದೆ: ಎಡಕ್ಕೆ 60 ಡಿಗ್ರಿ ತಿರುಗಿಸಿದರೂ ಬಲಕ್ಕೆ 60 ತಿರುಗಿಸಿದರೂ ಕತ್ತಲು ಒಂದೇ, ಆದರೆ ಮುಂದಿನ ಗಾಜಿನ ದಿಕ್ಕು ಬೇರೆ. ಒಂದರಲ್ಲಿ ಮುಖ ಸಪ್ಪೆಯಾದರೆ ಇನ್ನೊಂದನ್ನು ನೋಡಿ.

ಎರಡು ಕಡೆ ಹುಷಾರು. ಕಾರಿನ ಪಕ್ಕದ ಗಾಜು, ಹಿಂದಿನ ಗಾಜು ಬಿಸಿ ಮಾಡಿ ಗಟ್ಟಿಗೊಳಿಸಿದ್ದು, ಅದರ ಒಳಗಿನ ಒತ್ತಡ ಪೋಲರೈಸರಿಗೆ ಚುಕ್ಕೆ ಚುಕ್ಕೆಯಾಗಿ, ಕೆಲವು ಸಲ ಬಣ್ಣ ಬಣ್ಣವಾಗಿ ಕಾಣುತ್ತದೆ. ಹೂವಿನ ಕಾರಿನಲ್ಲಿ ಕೂತ ಜೋಡಿಯನ್ನು ಹೊರಗಿಂದ ಶೂಟ್ ಮಾಡುವಾಗ ಗಾಜು ಇಳಿಸಲು ಹೇಳಿ. ಇನ್ನೊಂದು ಎಲ್‌ಸಿಡಿ ಪರದೆ: ಅದರಿಂದ ಬರುವ ಬೆಳಕೇ ಪೋಲರೈಸ್ ಆಗಿರುವುದರಿಂದ ಶಾಟಿನಲ್ಲಿರುವ ಲ್ಯಾಪ್‌ಟಾಪ್ ಇದ್ದಕ್ಕಿದ್ದಂತೆ ಕಪ್ಪು ಹಲಗೆಯಾಗಬಹುದು.

ಬರೀ ಫೋಟೋ ತೆಗೆಯುವವರಿಗೆ ವೇರಿಯಬಲ್ ಬೇಕಾ? ನನ್ನನ್ನು ಕೇಳಿದರೆ ಬೇಡ. ಚುಂಚನಕಟ್ಟೆಯಲ್ಲಿ ನೀರನ್ನು ಹಾಲಿನ ಹಾಗೆ ಮಾಡಬೇಕು ಅಂದರೆ ಟ್ರೈಪಾಡ್ ಹೇಗೂ ಇರುತ್ತದೆ, ಸಮಯವೂ ಇರುತ್ತದೆ. ಬಿಸಿಲಲ್ಲಿ ಐಎಸ್‌ಒ 100, ಎಫ್ 11, 1/200 ಬರುತ್ತಿದ್ದರೆ ಒಂದು ಎನ್‌ಡಿ 64 ಹಾಕಿದರೆ ಮೂರರಲ್ಲೊಂದು ಸೆಕೆಂಡು, ಎನ್‌ಡಿ 1000 ಹಾಕಿದರೆ ಐದು ಸೆಕೆಂಡು. ಇಂಟು ಮಾರ್ಕಿನ ಭಯವಿಲ್ಲ, ಒಳ್ಳೆಯದು ಕೊಂಡರೆ ಬಣ್ಣವೂ ಅಷ್ಟಾಗಿ ಕೆಡುವುದಿಲ್ಲ. ಹತ್ತು ಸ್ಟಾಪಿನದು ಹಾಕುವ ಮುಂಚೆ ಫೋಕಸ್ ಮಾಡಿ ಮ್ಯಾನುಯಲ್‌ಗೆ ಹಾಕಿಕೊಳ್ಳಿ, ಆಮೇಲೆ ಕತ್ತಲಲ್ಲಿ ಕ್ಯಾಮೆರಾ ತಡಕಾಡುತ್ತದೆ.

ಕೊಳ್ಳುವಾಗ ನಿಮ್ಮ ಅತಿ ದೊಡ್ಡ ಲೆನ್ಸಿನ ಅಳತೆಗೆ, ಸಾಮಾನ್ಯವಾಗಿ 77 ಅಥವಾ 82 ಮಿ.ಮೀ., ಒಂದೇ ಒಂದು ಒಳ್ಳೆಯದು ತಗೊಳ್ಳಿ. ಚಿಕ್ಕ ಲೆನ್ಸುಗಳಿಗೆ ದೊಡ್ಡ ಫಿಲ್ಟರ್ ಕೂರಿಸುವ ಸ್ಟೆಪ್-ಅಪ್ ರಿಂಗ್ ಸಾಕು. ಬಿಸಿಲು ತಡೆಯುವ ಹುಡ್ ಹಾಕಲು ಆಗುವುದಿಲ್ಲ, ಬಿಸಿಲು ಗಾಜಿಗೆ ನೇರ ಬಿದ್ದರೆ ಗಿಂಬಲ್ ಹುಡುಗನ ಟೋಪಿ ಅಡ್ಡ ಹಿಡಿಯಬೇಕು. ಫಿಲ್ಟರ್ ಲೆನ್ಸಿಗೆ ಕಚ್ಚಿಕೊಂಡರೆ ಕೈಯಲ್ಲಿ ಗಟ್ಟಿಯಾಗಿ ಹಿಂಡಬೇಡಿ, ರಿಂಗು ಅಂಡಾಕಾರವಾಗಿ ಇನ್ನಷ್ಟು ಕಚ್ಚುತ್ತದೆ. ಅಗಲವಾದ ರಬ್ಬರ್ ಬ್ಯಾಂಡ್ ಸುತ್ತಿ ಮೆಲ್ಲಗೆ ತಿರುಗಿಸಿ, ಬರುತ್ತದೆ. ದುಡ್ಡಿದ್ದವರಿಗೆ ಬೇರೆ ದಾರಿಯೂ ಇದೆ: ಸೋನಿಯ 2015ರ ಎಫ್‌ಎಸ್5, ಆಮೇಲೆ ಬಂದ ಎಫ್‌ಎಕ್ಸ್6 ಇಂಥ ಕ್ಯಾಮೆರಾಗಳ ಒಳಗೇ ಲಿಕ್ವಿಡ್ ಕ್ರಿಸ್ಟಲ್ ಎನ್‌ಡಿ ಇದೆ, ಕರೆಂಟಲ್ಲಿ ಕತ್ತಲು ಹೆಚ್ಚು ಕಮ್ಮಿ ಮಾಡುತ್ತದೆ. ನಮ್ಮ ಕಡೆ ಮದುವೆ ರೇಟಿಗೆ ಅದು ಸದ್ಯಕ್ಕೆ ಎಟುಕುವುದಿಲ್ಲ ಬಿಡಿ.

ಆ ಬಲಮುರಿ ಜೋಡಿಯ ವೀಡಿಯೊದಲ್ಲಿ ಆಕಾಶವನ್ನು ಆದಷ್ಟು ಕತ್ತರಿಸಿ, ಉಳಿದದ್ದಕ್ಕೆ ಮಾಸ್ಕ್ ಹಾಕಿ ಎರಡು ರಾತ್ರಿ ಕೂತು ಸರಿ ಮಾಡಿದೆ. ಒಂದು ಶಾಟ್ ಮಾತ್ರ ಹಾಗೇ ಉಳಿಯಿತು. ಹುಡುಗನ ಸೋದರಮಾವ ಅದನ್ನೇ ನಿಲ್ಲಿಸಿ ನೋಡಿ "ಮೋಡ ಚೆನ್ನಾಗಿ ಬಂದದೆ ಕಣಪ್ಪ" ಅಂದರು. ನಾನು ಏನೂ ಹೇಳಲಿಲ್ಲ. ಅವರದೇ ಆರತಕ್ಷತೆ ಮುಗಿದ ಮೇಲೆ, ಅದು ಭಾನುವಾರ ಬೇರೆ, ಮೈಸೂರು ಅರಮನೆ ದೀಪದ ಮುಂದೆ ನಾಲ್ಕು ಶಾಟ್ ಬೇಕು ಅಂದರು. ಹತ್ತಿರ ಹತ್ತಿರ ಲಕ್ಷ ಬಲ್ಬು, ಲೆನ್ಸಿನ ಮುಂದೆ ಚಪ್ಪಟೆ ಗಾಜು ಇದ್ದರೆ ಕ್ಯಾಮೆರಾ ಒಳಗಿಂದ ವಾಪಸ್ ಬರುವ ಬೆಳಕು ಅದಕ್ಕೆ ಬಡಿದು ಒಂದೊಂದು ಬಲ್ಬೂ ಪ್ರತಿಫಲಿಸಿ ಆಕಾಶದಲ್ಲಿ ಇನ್ನೊಂದು ಮಸುಕು ಅರಮನೆ ತಲೆಕೆಳಗಾಗಿ ತೇಲುತ್ತದೆ. ಗೇಟಿನ ಹತ್ತಿರವೇ ಫಿಲ್ಟರ್ ಬಿಚ್ಚಿ ಡಬ್ಬಕ್ಕೆ ಹಾಕಿ ಹುಡುಗನ ಕೈಗೆ ಕೊಟ್ಟೆ.